ಕೊಗನೊಳ್ಳಿ ನಾಕಾದಾಗ ಕೇಳ್ತಿದ್ದ ಅದೇ ಪಿಸಿಆರ್: ಎಮ್ಮೆಯ ಗಂಟಲು ಯಾವ ರೋಗಾಣುವಿನಿಂದ ಬಾತಿದೆ ಅಂತ ಲ್ಯಾಬ್ ಹೇಗೆ ಹೇಳುತ್ತದೆ?

ಕೊಗನೊಳ್ಳಿ: ನಮ್ಮೂರ ಮಂದಿಗೆ ‘ಪಿಸಿಆರ್’ ಅನ್ನೋ ಪದವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 2021ರಲ್ಲಿ ಮಹಾರಾಷ್ಟ್ರದಿಂದ ಬರುವ ಗಾಡಿಗಳನ್ನು ಇಲ್ಲಿನ ಟೋಲ್ ನಾಕಾದ ಹತ್ತಿರವೇ ನಿಲ್ಲಿಸಿ, ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಎಲ್ಲಿ ಅಂತ ಕೇಳುತ್ತಿದ್ದರು. ರಿಪೋರ್ಟ್ ಇಲ್ಲದವರು ಗಾಡಿ ತಿರುಗಿಸಿಕೊಂಡು ಕಾಗಲ ಕಡೆ ವಾಪಸ್. ಆ ಹೊತ್ತಿನಲ್ಲಿ ಹೆದ್ದಾರಿ ಪಕ್ಕದ ಚಹಾದಂಗಡಿಯಿಂದ ಪಂಕ್ಚರ್ ಅಂಗಡಿಯವರೆಗೆ ಎಲ್ಲರ ಬಾಯಲ್ಲೂ ಅದೇ ಪದ. ಆದರೆ ಆ ಪರೀಕ್ಷೆ ಮನುಷ್ಯರಿಗೆ ಮಾತ್ರ ಇರೋದಲ್ಲ, ದನ, ಎಮ್ಮೆ, ಕುರಿ, ಆಡಿನ ರೋಗ ಹಿಡಿಯೋದಕ್ಕೂ ಅದೇ ವಿಧಾನ ಬಳಸುತ್ತಾರೆ, ಅದೂ ಕೊರೊನಾಕ್ಕಿಂತ ಇಪ್ಪತ್ತು ವರ್ಷ ಮೊದಲಿನಿಂದ ಅನ್ನೋದು ಬಹಳ ಮಂದಿಗೆ ಗೊತ್ತಿಲ್ಲ.

ಈಗ ಇದನ್ನು ಬರೆಯೋದಕ್ಕೆ ಕಾರಣ ಇದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಕಿರು ಮೃಗಾಲಯದಲ್ಲಿ ಕೃಷ್ಣಮೃಗಗಳು ಸಾಲಾಗಿ ಸತ್ತವು. ಮೊದಲು 8, ಎರಡು ದಿನ ಬಿಟ್ಟು 20, ಆಮೇಲೆ ಒಂದೊಂದಾಗಿ ಮತ್ತೆ ಮೂರು. ಅಲ್ಲಿದ್ದ 38ರಲ್ಲಿ ಒಂದು ವಾರದೊಳಗೆ 31 ಹೋದವು. ವಿಷ ಹಾಕಿದ್ದಾರೆ, ಮೇವು ಕೆಟ್ಟಿತ್ತು, ನೀರು ಕೆಟ್ಟಿತ್ತು ಅಂತ ವಾಟ್ಸಾಪ್‌ನಲ್ಲಿ ಏನೇನೋ ಓಡಾಡಿತು. ಮಾದರಿಗಳು ಬೆಂಗಳೂರಿಗೆ ಹೋದವು. ಬಂದ ಉತ್ತರ: ಗಳಲೆ ರೋಗ, ಬ್ಯಾಕ್ಟೀರಿಯಾದಿಂದ ಬರುವ ಸೋಂಕು.

ಹೆಸರು ಕೇಳಿ ಕೃಷ್ಣಮೃಗದ ರೋಗ ಅಂತ ಅನ್ನಿಸಬಹುದು. ಅಲ್ಲ. ನಮ್ಮ ಮನೆಯ ಎಮ್ಮೆಗೆ ಮಳೆಗಾಲದಲ್ಲಿ ಬರೋ ಗಂಟಲ ಬ್ಯಾನಿ ಇದೇ. ಗಡಿ ಆಚೆ, ನಮ್ಮೂರಿನ ಮರಾಠಿ ಮನೆಗಳಲ್ಲೂ, ‘ಘಟಸರ್ಪ’ ಅನ್ನುತ್ತಾರೆ. (ಮರಾಠಿಯಲ್ಲಿ ಸಣ್ಣ ಮಕ್ಕಳ ಡಿಫ್ತೀರಿಯಾಕ್ಕೂ ಘಟಸರ್ಪ ಅಂತಲೇ ಹೆಸರು. ಆದರೆ ಅದು ಬೇರೆ ರೋಗಾಣು, ಎಮ್ಮೆಯಿಂದ ಬರೋದಲ್ಲ. ಹೆದರಬೇಡಿ.)

ಒಂದು ರಾತ್ರಿಯ ರೋಗ

ಗಳಲೆ ರೋಗ ತರುವ ಬ್ಯಾಕ್ಟೀರಿಯಾದ ಹೆಸರು ಪಾಶ್ಚುರೆಲ್ಲಾ ಮಲ್ಟೊಸಿಡಾ. ರೇಬಿಸ್ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1880ರ ಸುಮಾರಿಗೆ ಕೋಳಿ ಕಾಲರಾ ರೋಗದಲ್ಲಿ ಇದರ ಮೇಲೆ ಕೆಲಸ ಮಾಡಿದ್ದರಿಂದ ಆ ಹೆಸರು ಬಂತು. ಕೋಳಿಗೂ ಇದೇ ಜಾತಿ, ಎಮ್ಮೆಗೂ ಇದೇ ಜಾತಿ, ಆದರೆ ಒಳಪಂಗಡ ಬೇರೆ. ಆ ಪಂಗಡದ ಮಾತು ಮುಂದೆ ಬರುತ್ತದೆ, ನೆನಪಿಡಿ.

ಈ ರೋಗಾಣು ಎಲ್ಲಿಂದಲೋ ಹಾರಿ ಬರಬೇಕು ಅಂತೇನಿಲ್ಲ. ಆರೋಗ್ಯವಾಗಿ ಕಾಣುವ ಕೆಲವು ದನ ಎಮ್ಮೆಗಳ ಗಂಟಲಿನ ಟಾನ್ಸಿಲ್‌ನಲ್ಲಿ ಸುಮ್ಮನೆ ಕುಳಿತಿರುತ್ತದೆ. ಮಳೆ ಶುರುವಾಗಿ ಮೈ ನೆನೆದು, ಮೇವು ಸಾಲದೆ, ಹೊಳೆ ಏರಿ ದನಗಳನ್ನು ಎತ್ತರದ ಜಾಗಕ್ಕೆ ಒಟ್ಟಿಗೆ ಕಟ್ಟಿದಾಗ, ಇಲ್ಲವೆ ಟೆಂಪೋದಲ್ಲಿ ತುಂಬಿ ದೂರದ ಸಂತೆಗೆ ಒಯ್ದಾಗ ಜಾನುವಾರಿನ ಶಕ್ತಿ ಕುಂದುತ್ತದೆ. ಆಗ ಅದು ತಲೆ ಎತ್ತುತ್ತದೆ. ಜೊಲ್ಲು, ಮೂಗಿನ ನೀರಿನ ಮೂಲಕ ಒಂದೇ ಗೋದಲಿಯಲ್ಲಿ ತಿನ್ನುವ ಉಳಿದವಕ್ಕೂ ಹತ್ತುತ್ತದೆ. ಜ್ವರ 104ರಿಂದ 106 ಡಿಗ್ರಿ, ಬಾಯಿಂದ ಜೊಲ್ಲು, ಗಂಟಲ ಕೆಳಗೆ ಬಿಸಿ ಬಾವು, ಉಸಿರಿಗೆ ಗೊರಗೊರ ಸದ್ದು. ಮುಂಜಾನೆ ಹಾಲು ಕೊಟ್ಟ ಎಮ್ಮೆ ಮರುದಿನ ಮುಂಜಾನೆ ಇರೋದಿಲ್ಲ. ದನಕ್ಕಿಂತ ಎಮ್ಮೆಗೆ ಜೋರು, ಅದರಲ್ಲೂ ಆರು ತಿಂಗಳಿಂದ ಎರಡು ವರ್ಷದ ಕರುಗಳಿಗೆ. ಬಾವು ಬಂದ ಮೇಲೆ ಚುಚ್ಚುಮದ್ದು ಕೊಟ್ಟರೂ ಉಳಿಯೋದು ಅಪರೂಪ.

ನಮ್ಮ ಮನೆಯದೇ ಒಂದು ಮಾತು. 2019ರ ಮಹಾಪೂರ ಇಳಿದ ಮೇಲೆ ನಮ್ಮ ಮನೆಯ ಎಮ್ಮೆ ರಾತ್ರಿ ಒಂಬತ್ತಕ್ಕೆ ಮೇವು ಬಿಟ್ಟಿತು, ನಸುಕಿನಲ್ಲಿ ಸತ್ತಿತ್ತು. ನೋಡಿದವರಲ್ಲಿ ಅರ್ಧ ಮಂದಿ ಹಾವು ಕಡಿದಿದೆ ಅಂದರು, ಉಳಿದವರು ಘಟಸರ್ಪ ಅಂದರು. ಯಾರೂ ಡಾಕ್ಟರಿಗೆ ಫೋನ್ ಮಾಡಲಿಲ್ಲ. ಸತ್ತ ಮೇಲೆ ಡಾಕ್ಟರ್ ಬಂದು ಏನು ಮಾಡ್ತಾರ ಅಂತ ನಮ್ಮ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಕಬ್ಬಿನ ಹೊಲದ ಬದುವಿನಲ್ಲಿ ಹೂಳಿದೆವು. ನಾಲ್ಕನೇ ದಿನ ಪಕ್ಕದ ಮನೆಯ ಕರು ಹೋಯಿತು, ಗಂಟಲು ಅದೇ ರೀತಿ ಬಾತಿತ್ತು. ಅದು ಯಾವ ರೋಗ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ, ಇನ್ನು ಗೊತ್ತಾಗೋದೂ ಇಲ್ಲ.

‘ಸತ್ತ ಮೇಲೆ ಏನು ಪರೀಕ್ಷೆ’ ಅನ್ನೋ ಆ ಲೆಕ್ಕ ಎಲ್ಲಿ ತಪ್ಪು ಅನ್ನೋದೇ ಈ ಬರಹದ ವಿಷಯ.

ಕಣ್ಣಿಗೆ ಎಲ್ಲವೂ ಒಂದೇ

ಉಸಿರಾಟದ ತೊಂದರೆ ಕಂಡ ಕೂಡಲೇ ನಮ್ಮಲ್ಲಿ ಒಂದೇ ಹೆಸರು ಇಡುತ್ತಾರೆ. ಆದರೆ ಅದರ ಹಿಂದೆ ಹತ್ತಾರು ರೋಗಾಣು ಇರಬಹುದು. ಎಮ್ಮೆಯಲ್ಲಿ ಗಳಲೆ ಇರಬಹುದು. ಕುರಿ ಕೆಮ್ಮಿ ಸತ್ತರೆ ಪಾಶ್ಚುರೆಲ್ಲಾದ ಬೇರೆ ಪಂಗಡ ಇರಬಹುದು, ಇಲ್ಲವೆ ಅದರ ದಾಯಾದಿ ಮಾನ್‌ಹೈಮಿಯಾ ಹಿಮೊಲಿಟಿಕಾ ಇರಬಹುದು. ಆಡಿನ ಎದೆಯಲ್ಲಿ ನೀರು ತುಂಬಿದ್ದರೆ ಮೈಕೊಪ್ಲಾಸ್ಮಾ ಇರಬಹುದು. ಪಿಪಿಆರ್ ಅನ್ನೋ ವೈರಸ್ ಮೊದಲು ಬಂದು ಶ್ವಾಸಕೋಶ ಹಾಳುಮಾಡಿ, ಹಿಂದಿನಿಂದ ಬ್ಯಾಕ್ಟೀರಿಯಾ ನುಗ್ಗಿರಬಹುದು. ತಿಂಗಳುಗಟ್ಟಲೆ ಕೆಮ್ಮುತ್ತಾ ಸೊರಗುವ ಆಕಳಿಗೆ ಕ್ಷಯವೂ ಇರಬಹುದು. ಒಂದೊಂದಕ್ಕೂ ಔಷಧ ಬೇರೆ, ಲಸಿಕೆ ಬೇರೆ, ಹರಡುವ ದಾರಿ ಬೇರೆ.

ಮಾನ್‌ಹೈಮಿಯಾದ ಬಗ್ಗೆ ಹೆದ್ದಾರಿ ಊರಿನವರಾದ ನಾವು ಸ್ವಲ್ಪ ತಿಳಿದಿರಬೇಕು. ವಿದೇಶಗಳಲ್ಲಿ ಅದು ತರುವ ನ್ಯುಮೋನಿಯಾಕ್ಕೆ ಸಾಗಾಟದ ಜ್ವರ ಅನ್ನೋ ಅರ್ಥದ ಹೆಸರೇ ಇದೆ. ಲಾರಿಯಲ್ಲಿ ನೀರು ಮೇವಿಲ್ಲದೆ ತಾಸುಗಟ್ಟಲೆ ನಿಂತು ಬಂದ ಪ್ರಾಣಿಗೆ ಇಳಿದ ಮೇಲೆ ಒಂದೆರಡು ವಾರದೊಳಗೆ ಬರುತ್ತದೆ. ಸಂತೆಯಿಂದ ತಂದ ಹೊಸ ಕುರಿಯನ್ನು ಆವತ್ತೇ ಹಿಂಡಿನೊಳಗೆ ಬಿಡೋ ನಮ್ಮ ರೂಢಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಕುರಿ ಹಿಂಡು ಕಟ್ಟಿಕೊಂಡು ಊರೂರು ಅಲೆಯುವ ಕುರುಬರಿಗೆ, ಧನಗರರಿಗೆ ಇದು ನಾನು ಹೇಳೋದಕ್ಕಿಂತ ಚೆನ್ನಾಗಿ ಗೊತ್ತು.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಸತ್ತ ದನದ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕರಿ ರಕ್ತ ಬರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದು ಮನುಷ್ಯನಿಗೂ ಹತ್ತುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಡಾಕ್ಟರಿಗೆ ಫೋನ್, ಅಷ್ಟೇ.

ಹಳೆಯ ದಾರಿ: ಸೇಫ್ಟಿ ಪಿನ್ನು ಮತ್ತು ಕಾಲಿನ ಎಲುಬು

ಪಿಸಿಆರ್ ಬರುವ ಮೊದಲು ಲ್ಯಾಬ್‌ನವರು ಏನು ಮಾಡುತ್ತಿದ್ದರು? ಇವತ್ತಿಗೂ ಮೊದಲ ಹೆಜ್ಜೆ ಅದೇ. ಜ್ವರ ಇರುವಾಗಲೋ ಸತ್ತ ಕೂಡಲೋ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಾಶ್ಚುರೆಲ್ಲಾ ಎರಡೂ ತುದಿಗೆ ಬಣ್ಣ ಹಿಡಿದು, ನಡುವೆ ಖಾಲಿ ಖಾಲಿಯಾಗಿ, ಥೇಟ್ ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಅರ್ಧ ತಾಸಿನ ಕೆಲಸ, ಖರ್ಚು ಕಡಿಮೆ. ಆದರೆ ಹಾಗೆ ಕಾಣುವ ಬೇರೆ ಬ್ಯಾಕ್ಟೀರಿಯಾಗಳೂ ಇವೆ, ಹಾಗಾಗಿ ಅದು ಸಂಶಯ ಅಷ್ಟೇ, ತೀರ್ಪಲ್ಲ.

ಮುಂದೆ ಕಲ್ಚರ್. ರಕ್ತ ಬೆರೆಸಿದ ಜೆಲ್ಲಿಯಂಥ ಆಹಾರದ ಮೇಲೆ ಮಾದರಿಯನ್ನು ಸವರಿ 37 ಡಿಗ್ರಿಯಲ್ಲಿ ಒಂದು ದಿನ ಇಡಬೇಕು. ಬೆಳೆದದ್ದನ್ನು ಬೇರ್ಪಡಿಸಿ ಮತ್ತೆ ಬೆಳೆಸಬೇಕು. ಯಾವ ಸಕ್ಕರೆ ತಿನ್ನುತ್ತದೆ, ಯಾವುದು ತಿನ್ನೋದಿಲ್ಲ ಅಂತ ಒಂದೊಂದಾಗಿ ಪರೀಕ್ಷಿಸಬೇಕು. ಕೆಲವು ಲ್ಯಾಬ್‌ಗಳಲ್ಲಿ ಬಿಳಿ ಇಲಿಗೆ ಚುಚ್ಚಿ ನೋಡುತ್ತಿದ್ದರು, ಗಳಲೆ ಆಗಿದ್ದರೆ ಇಲಿ ಒಂದೆರಡು ದಿನದಲ್ಲಿ ಸಾಯುತ್ತಿತ್ತು. ಪಂಗಡ ಯಾವುದು ಅಂತ ತಿಳಿಯಲು ಮತ್ತೊಂದು ಪರೀಕ್ಷೆ. ಒಟ್ಟು ನಾಲ್ಕೈದು ದಿನದಿಂದ ಒಂದು ವಾರ.

ಇದರಲ್ಲಿ ದೊಡ್ಡ ತಾಪತ್ರಯ ಏನೆಂದರೆ ರೋಗಾಣು ಜೀವಂತ ಇರಬೇಕು. ನಮ್ಮ ಕಡೆ ಬಿಸಿಲಿಗೆ ಹೆಣ ಬೇಗ ಕೊಳೆಯುತ್ತದೆ, ಹೊಟ್ಟೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಮೈತುಂಬ ಹರಡಿ ಪಾಶ್ಚುರೆಲ್ಲಾವನ್ನು ಮುಚ್ಚಿಹಾಕುತ್ತವೆ. ಅದಕ್ಕೇ ಹಳೆಯ ಡಾಕ್ಟರರು ಸತ್ತು ಹೊತ್ತಾದ ಎಮ್ಮೆಯ ಕಾಲಿನ ಉದ್ದ ಎಲುಬನ್ನು ಮಾಂಸ ತೆಗೆದು ಹಾಗೇ ಲ್ಯಾಬಿಗೆ ಕಳಿಸುತ್ತಿದ್ದರು. ಎಲುಬಿನ ಒಳಗಿನ ಮಜ್ಜೆಗೆ ಕೊಳೆತ ತಡವಾಗಿ ತಲುಪುತ್ತದೆ. ಜಾಣತನ ನೋಡಿ! ಇವತ್ತಿಗೂ ಆ ದಾರಿ ಬಳಕೆಯಲ್ಲಿದೆ.

ಎರಡನೇ ತಾಪತ್ರಯ ನಾವೇ ಮಾಡಿಕೊಂಡದ್ದು. ಮೆಡಿಕಲ್ ಅಂಗಡಿಯಿಂದ ಚುಚ್ಚುಮದ್ದು ತಂದು ಮೊದಲು ಕೊಟ್ಟುಬಿಟ್ಟಿರುತ್ತೇವೆ. ಆಂಟಿಬಯೋಟಿಕ್ ಹೋದ ಮೇಲೆ ರೋಗಾಣು ಅರೆಸತ್ತಿರುತ್ತದೆ, ಲ್ಯಾಬಿನಲ್ಲಿ ಬೆಳೆಯೋದಿಲ್ಲ. ರಿಪೋರ್ಟಿನಲ್ಲಿ ‘ಏನೂ ಬೆಳೆಯಲಿಲ್ಲ’ ಅಂತ ಬರುತ್ತದೆ, ರೋಗ ಇರಲೇ ಇಲ್ಲ ಅಂತ ನಾವು ಓದಿಕೊಳ್ಳುತ್ತೇವೆ.

ಪಿಸಿಆರ್: ಒಂದು ಉತಾರ ಹುಡುಕಿ ಝೆರಾಕ್ಸ್ ಹೊಡೆದಂತೆ

ಪ್ರತಿ ಬ್ಯಾಕ್ಟೀರಿಯಾದ ಒಳಗೆ ಅದರ ಡಿಎನ್‌ಎ ಇದೆ. ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದ ಉದ್ದನೆಯ ದಾಖಲೆ ಅಂದುಕೊಳ್ಳಿ. ಪಾಶ್ಚುರೆಲ್ಲಾದ ದಾಖಲೆಯಲ್ಲಿ ಸುಮಾರು 22 ಲಕ್ಷ ಅಕ್ಷರ ಇವೆ. ಅದರಲ್ಲಿ ಬಹುಪಾಲು ಬೇರೆ ಬ್ಯಾಕ್ಟೀರಿಯಾಗಳ ಬರಹಕ್ಕೆ ಹೋಲುತ್ತದೆ, ಆದರೆ ಕೆಲವು ಸಾಲುಗಳು ಅದರಲ್ಲಿ ಮಾತ್ರ ಇರುತ್ತವೆ. ಆ ಸಾಲು ಸಿಕ್ಕರೆ ಆಸಾಮಿ ಸಿಕ್ಕಂತೆ.

ಹುಡುಕೋದು ಹೇಗೆ? ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಡೀ ತಾಲೂಕಿನ ಕಾಗದ ಒಂದೇ ಗುಡ್ಡೆಯಲ್ಲಿ ಬಿದ್ದಿದೆ ಅಂತ ಊಹಿಸಿ. ನಿಮಗೆ ಬೇಕಾದ್ದು ಒಂದೇ ಸರ್ವೆ ನಂಬರಿನ ಉತಾರ. ಒಬ್ಬ ಜವಾನ ಆ ನಂಬರ್ ಇರುವ ಹಾಳೆಗೆ ಮಾತ್ರ ಕೈ ಹಾಕಿ, ಅದನ್ನಷ್ಟೇ ಝೆರಾಕ್ಸ್ ಹೊಡೆದು, ಬಂದ ಪ್ರತಿಗಳನ್ನೂ ಮತ್ತೆ ಝೆರಾಕ್ಸ್ ಹೊಡೆದು, ಕೊನೆಗೆ ಇಡೀ ರೂಮಿನಲ್ಲಿ ಬೇರೆಲ್ಲ ಕಾಗದಕ್ಕಿಂತ ಅದೇ ಉತಾರ ಹೆಚ್ಚಾಗುವಂತೆ ಮಾಡಿದರೆ? ಬಾಗಿಲು ತೆರೆದವರಿಗೆ ಅದೊಂದೇ ಕಾಣುತ್ತದೆ. ಆ ನಂಬರಿನ ಹಾಳೆ ಗುಡ್ಡೆಯಲ್ಲಿ ಇಲ್ಲವೇ ಇಲ್ಲ ಅಂದರೆ ಝೆರಾಕ್ಸೂ ಬರೋದಿಲ್ಲ.

ಲ್ಯಾಬಿನಲ್ಲಿ ಆ ಸರ್ವೆ ನಂಬರಿನ ಕೆಲಸವನ್ನು ಪ್ರೈಮರ್ ಮಾಡುತ್ತದೆ. ಅದು ಸುಮಾರು 20 ಅಕ್ಷರದ ಚಿಕ್ಕ ಡಿಎನ್‌ಎ ತುಂಡು. ಹುಡುಕುವ ಸಾಲಿನ ಆರಂಭಕ್ಕೆ ಒಂದು, ಕೊನೆಗೆ ಒಂದು, ಹೀಗೆ ಎರಡು ಬೇಕು. ಎಮ್ಮೆಯ ಮೂಗಿನಿಂದ ತೆಗೆದ ಹತ್ತಿಕಡ್ಡಿ, ರಕ್ತ ಅಥವಾ ಮಜ್ಜೆಯಿಂದ ಡಿಎನ್‌ಎ ಬೇರ್ಪಡಿಸಿ, ಪ್ರೈಮರ್ ಜೊತೆ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿ ಯಂತ್ರದಲ್ಲಿ ಇಡುತ್ತಾರೆ. ಆ ಯಂತ್ರ ಮಾಡುವುದು ಬಿಸಿ ಮಾಡೋದು, ಆರಿಸೋದು, ಇಷ್ಟೇ. 95 ಡಿಗ್ರಿ ಹತ್ತಿರ ಕಾಯಿಸಿದರೆ ಜೋಡಿ ಎಳೆಯಾಗಿರುವ ಡಿಎನ್‌ಎ ಬಿಚ್ಚಿಕೊಳ್ಳುತ್ತದೆ. 55 ಡಿಗ್ರಿ ಸುಮಾರಿಗೆ ಇಳಿಸಿದರೆ ಪ್ರೈಮರ್ ತನ್ನ ಜಾಗಕ್ಕೆ ಅಂಟುತ್ತದೆ. 72ಕ್ಕೆ ಏರಿಸಿದರೆ ಒಂದು ಕಿಣ್ವ ಎದುರು ಎಳೆಯನ್ನು ಹೆಣೆಯುತ್ತದೆ. ಒಂದಿದ್ದದ್ದು ಎರಡು. ಮತ್ತೆ ಅದೇ ಸುತ್ತು: ನಾಲ್ಕು, ಎಂಟು, ಹದಿನಾರು. 30 ಸುತ್ತು ಮುಗಿದಾಗ ಲೆಕ್ಕದ ಪ್ರಕಾರ ಒಂದು ಪ್ರತಿಯಿಂದ 107 ಕೋಟಿ ಪ್ರತಿ. ಇಷ್ಟಕ್ಕೂ ಎರಡು ಮೂರು ತಾಸು ಸಾಕು.

ಈ ವಿಚಾರ ಅಮೆರಿಕದ ಕ್ಯಾರಿ ಮುಲ್ಲಿಸ್ ಅವರಿಗೆ ಹೊಳೆದದ್ದು 1983ರಲ್ಲಿ, ನೊಬೆಲ್ ಬಂದದ್ದು 1993ರಲ್ಲಿ. 95 ಡಿಗ್ರಿಯಲ್ಲೂ ಕೆಡದ ಆ ಕಿಣ್ವ ಮೂಲದಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾ ಹಿಡಿಯೋದಕ್ಕೆ ಬ್ಯಾಕ್ಟೀರಿಯಾದ್ದೇ ಸಹಾಯ.

ಹಾಗಾದರೆ ನಾಕಾದಲ್ಲಿ ಕೇಳುತ್ತಿದ್ದ ‘ಆರ್‌ಟಿ’ ಏನು? ಕೊರೊನಾ ವೈರಸ್ಸಿನ ದಾಖಲೆ ಡಿಎನ್‌ಎ ಅಲ್ಲ, ಆರ್‌ಎನ್‌ಎ. ಅದನ್ನು ಮೊದಲು ಡಿಎನ್‌ಎಗೆ ತಿರುಗಿಸಿಕೊಳ್ಳಬೇಕು, ಆ ಹೆಚ್ಚಿನ ಹೆಜ್ಜೆಗೆ ಆರ್‌ಟಿ ಅಂತ ಹೆಸರು. ಬ್ಯಾಕ್ಟೀರಿಯಾಕ್ಕೆ ಆ ಹೆಜ್ಜೆ ಬೇಡ, ನೇರ ಪಿಸಿಆರ್.

1998ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಪಾಶ್ಚುರೆಲ್ಲಾ ಮಲ್ಟೊಸಿಡಾಕ್ಕೆ ಮಾತ್ರ ಅಂಟುವ ಪ್ರೈಮರ್ ಜೋಡಿ ಪ್ರಕಟಿಸಿದರು. ಇವತ್ತಿಗೂ ಭಾರತದ ಲ್ಯಾಬ್‌ಗಳಲ್ಲಿ ಅದೇ ನಡೆಯುತ್ತಿದೆ. ಅದು ನಕಲು ಮಾಡುವ ತುಂಡಿನ ಉದ್ದ 460 ಅಕ್ಷರ. ಟ್ಯೂಬಿನ ದ್ರವವನ್ನು ಜೆಲ್ಲಿ ಪದರದ ಮೇಲೆ ಹಾಕಿ ಕರೆಂಟು ಹರಿಸಿದರೆ ಚಿಕ್ಕ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. 460ರ ಜಾಗದಲ್ಲಿ ಹೊಳೆಯುವ ಗೆರೆ ಬಂತೋ, ಆಸಾಮಿ ಇದ್ದಾನೆ. ಹೊಸ ಯಂತ್ರಗಳಲ್ಲಿ ಜೆಲ್ಲಿಯೂ ಬೇಡ, ನಕಲು ಹೆಚ್ಚಾಗುತ್ತಿದ್ದಂತೆ ಪರದೆಯ ಮೇಲೆ ಗೆರೆ ಏರೋದು ಕಾಣುತ್ತದೆ.

ಬಿ ಪಂಗಡವೋ, ಎ ಪಂಗಡವೋ?

ಮೇಲೆ ಪಂಗಡ ನೆನಪಿಡಿ ಅಂದಿದ್ದೆನಲ್ಲ, ಅದರ ಮಾತಿಗೆ ಬರೋಣ. ಪಾಶ್ಚುರೆಲ್ಲಾದ ಮೈಮೇಲೆ ಒಂದು ಹೊದಿಕೆ ಇರುತ್ತದೆ. ಆ ಹೊದಿಕೆಯ ಮೇಲೆ ಎ, ಬಿ, ಡಿ, ಇ, ಎಫ್ ಅಂತ ಐದು ಪಂಗಡ. ಏಷ್ಯಾದಲ್ಲಿ ದನ ಎಮ್ಮೆಗೆ ಗಳಲೆ ತರೋದು ಬಿ, ಆಫ್ರಿಕಾದಲ್ಲಿ ಇ ಕೂಡ. ಕೋಳಿ ಕಾಲರಾಕ್ಕೆ, ಕುರಿ ಕರುಗಳ ನ್ಯುಮೋನಿಯಾಕ್ಕೆ ಹೆಚ್ಚಾಗಿ ಎ. 2001ರಲ್ಲಿ ಅದೇ ಆಸ್ಟ್ರೇಲಿಯಾದ ತಂಡ ಐದೂ ಪಂಗಡವನ್ನು ಒಂದೇ ಟ್ಯೂಬಿನಲ್ಲಿ ಬೇರ್ಪಡಿಸುವ ಪಿಸಿಆರ್ ಕೊಟ್ಟಿತು. ಎ ಇದ್ದರೆ 1,044 ಅಕ್ಷರದ ತುಂಡು, ಬಿ ಇದ್ದರೆ 760 ಅಕ್ಷರದ್ದು. ಗೆರೆ ಎಲ್ಲಿ ನಿಂತಿದೆ ಅಂತ ನೋಡಿದರೆ ಸಾಕು.

ಇದು ಬರೀ ವಿಜ್ಞಾನಿಗಳ ಚಟ ಅಲ್ಲ. ನಮ್ಮ ದೇಶದ ಗಳಲೆ ಲಸಿಕೆ ಬಿ ಪಂಗಡದ ಪಿ-52 ಅನ್ನೋ ತಳಿಯಿಂದ ತಯಾರಾಗುತ್ತದೆ. ಎಮ್ಮೆಗಳು ಬಿಯಿಂದ ಸಾಯುತ್ತಿದ್ದರೆ ಸುತ್ತಲಿನ ಹಳ್ಳಿಗೆ ಆ ಲಸಿಕೆ ಹಾಕಿದರೆ ಕೆಲಸ ಆಗುತ್ತದೆ. ನಿಮ್ಮ ಕುರಿ ಸಾಯುತ್ತಿರೋದು ಎಯಿಂದಲೋ ಮಾನ್‌ಹೈಮಿಯಾದಿಂದಲೋ ಆದರೆ ಅದೇ ಲಸಿಕೆಯ ಮೇಲೆ ಭರವಸೆ ಇಟ್ಟು ಕೂಡುವಂತಿಲ್ಲ. ‘ಲಸಿಕೆ ಹಾಕಿಸಿದ್ದೆ, ಆದರೂ ಸತ್ತವು, ಲಸಿಕೆಯೇ ಸುಳ್ಳು’ ಅನ್ನೋ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಕೆಲವು ಸಲ ಲಸಿಕೆ ತಣ್ಣಗೆ ಇರದೆ ಕೆಟ್ಟಿರಬಹುದು. ಕೆಲವು ಸಲ ರೋಗಾಣುವೇ ಬೇರೆ ಇರುತ್ತದೆ. ಯಾವುದು ಅಂತ ಪರೀಕ್ಷೆ ಇಲ್ಲದೆ ಯಾರೂ ಹೇಳಲಾರರು.

ಭೂತರಾಮನಹಟ್ಟಿಯಂಥದ್ದೇ ಇನ್ನೂ ದೊಡ್ಡ ಘಟನೆ ಕಜಾಕಿಸ್ತಾನದಲ್ಲಿ ನಡೆದಿತ್ತು. 2015ರ ಮೇ ತಿಂಗಳಲ್ಲಿ ಸೈಗಾ ಅನ್ನೋ ಜಿಂಕೆಯಂಥ ಕಾಡುಪ್ರಾಣಿ ಎರಡು ಲಕ್ಷಕ್ಕೂ ಹೆಚ್ಚು, ಕೆಲವೇ ವಾರದಲ್ಲಿ ಸತ್ತು ಬಿದ್ದವು. ಜಗತ್ತಿನಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವು. ಅಲ್ಲೂ ವಿಷ, ರಾಕೆಟ್ ಇಂಧನ ಅಂತ ಊಹೆ ಹಬ್ಬಿತ್ತು. ಕೊನೆಗೆ ತಪಾಸಣೆಯಲ್ಲಿ ಸಿಕ್ಕಿದ್ದು ಪಾಶ್ಚುರೆಲ್ಲಾ ಮಲ್ಟೊಸಿಡಾ ಬಿ ಪಂಗಡ. ಅವುಗಳ ಗಂಟಲಿನಲ್ಲೇ ಮೊದಲಿನಿಂದ ಇದ್ದದ್ದು, ಆ ವರ್ಷದ ಹೆಚ್ಚಿನ ತೇವ ಮತ್ತು ಸೆಕೆಯ ಹವಾಮಾನದಲ್ಲಿ ಎದ್ದಿತು ಅಂತ ವಿಜ್ಞಾನಿಗಳು ಬರೆದರು.

ಪೆನಿಸಿಲಿನ್ ನಾಟದ ರೋಗಾಣು

ಆಡು ಸಾಕುವವರು ಇದನ್ನು ಓದಲೇಬೇಕು. ಪೆನಿಸಿಲಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸಿ ಕೊಲ್ಲುತ್ತವೆ. ಮೈಕೊಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ. ಇಲ್ಲದ ಗೋಡೆಯನ್ನು ಕೆಡವೋದು ಹೇಗೆ? ಎಷ್ಟು ಬಾಟಲಿ ಚುಚ್ಚಿದರೂ ಆಡು ಹಾಗೇ ಏದುಸಿರು ಬಿಡುತ್ತಿರುತ್ತದೆ, ದುಡ್ಡು ಹೋಗುತ್ತದೆ, ಅಷ್ಟರಲ್ಲಿ ಹಿಂಡಿಗೆ ಹರಡಿರುತ್ತದೆ. ಅದಕ್ಕೆ ಟೆಟ್ರಾಸೈಕ್ಲಿನ್, ಟೈಲೋಸಿನ್‌ನಂಥ ಬೇರೆ ಗುಂಪಿನ ಔಷಧ ಬೇಕು. ಅದನ್ನು ಡಾಕ್ಟರ್ ನಿರ್ಧರಿಸಬೇಕು.

ಮೈಕೊಪ್ಲಾಸ್ಮಾವನ್ನು ಲ್ಯಾಬಿನಲ್ಲಿ ಬೆಳೆಸೋದು ಬಹಳ ಕಷ್ಟ, ಕೆಲವು ಜಾತಿಗೆ ವಾರಗಟ್ಟಲೆ ಬೇಕು. ದನದ ಕ್ಷಯದ ರೋಗಾಣುವಿಗೆ ಆರರಿಂದ ಎಂಟು ವಾರ. ಇಂಥ ಕಡೆ ಪಿಸಿಆರ್‌ನಿಂದ ಆಗುವ ಲಾಭ ಗಳಲೆಗಿಂತ ಹೆಚ್ಚು. ಯಾವ ರೋಗಾಣು ಅಂತ ಊಹೆಯೇ ಇಲ್ಲದಾಗ ಇನ್ನೊಂದು ದಾರಿ ಇದೆ: ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ‘16ಎಸ್’ ಅನ್ನೋ ಸುಮಾರು 1,500 ಅಕ್ಷರದ ಸಾಲನ್ನು ನಕಲು ಮಾಡಿ, ಅಕ್ಷರ ಅಕ್ಷರ ಓದಿ, ಜಗತ್ತಿನ ಪಟ್ಟಿಯ ಜೊತೆ ಹೋಲಿಸೋದು. ಮಾನ್‌ಹೈಮಿಯಾವನ್ನು 1999ರವರೆಗೆ ಪಾಶ್ಚುರೆಲ್ಲಾ ಅಂತಲೇ ಕರೆಯುತ್ತಿದ್ದರು. ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಮನೆತನವೇ ಬೇರೆ ಅಂತ ಹೆಸರು ಬದಲಾಯಿತು.

ಹಾಗಂತ ಪಿಸಿಆರ್ ದೇವರಲ್ಲ

ಪಾಸಿಟಿವ್ ಬಂದ ಮಾತ್ರಕ್ಕೆ ಅದೇ ರೋಗ ಅಂತ ಹೇಳಲಾಗದು. ಆರೋಗ್ಯವಂತ ಕುರಿಯ ಮೂಗಿನಲ್ಲೂ ಪಾಶ್ಚುರೆಲ್ಲಾ, ಮಾನ್‌ಹೈಮಿಯಾ ಇರುತ್ತವೆ, ಪಿಸಿಆರ್ ಅದನ್ನೂ ಹಿಡಿಯುತ್ತದೆ. ಅದಕ್ಕೇ ಸತ್ತ ಪ್ರಾಣಿಯ ಹೃದಯದ ರಕ್ತ, ಶ್ವಾಸಕೋಶ, ಮಜ್ಜೆಯಲ್ಲಿ ಸಿಕ್ಕಿದ್ದಕ್ಕೆ ಮೂಗಿನಲ್ಲಿ ಸಿಕ್ಕಿದ್ದಕ್ಕಿಂತ ಬೆಲೆ ಹೆಚ್ಚು. ಪಿಸಿಆರ್ ಸತ್ತ ರೋಗಾಣುವಿನ ಡಿಎನ್‌ಎಯನ್ನೂ ತೋರಿಸುತ್ತದೆ. ಔಷಧ ಕೊಟ್ಟ ಮೇಲೆ ತೆಗೆದ ಮಾದರಿಗೆ ಇದೇ ಅನುಕೂಲ, ಆದರೆ ರೋಗಾಣು ಇನ್ನೂ ಬದುಕಿದೆಯಾ ಅನ್ನೋದು ಅದರಿಂದ ಗೊತ್ತಾಗದು. ಯಾವ ಆಂಟಿಬಯೋಟಿಕ್ ನಾಟುತ್ತದೆ ಅಂತ ಪೂರ್ತಿ ತಿಳಿಯಲು ಕಲ್ಚರ್ ಬೇಕೇ ಬೇಕು. ಲ್ಯಾಬಿನಲ್ಲಿ ನಿನ್ನೆಯ ಟ್ಯೂಬಿನ ಒಂದು ಹನಿ ಹಾರಿ ಇವತ್ತಿನ ಟ್ಯೂಬಿಗೆ ಬಿದ್ದರೆ ಇಲ್ಲದ ರೋಗ ಕಾಣುತ್ತದೆ. ಹಾಗಾಗಿ ಪ್ರತಿ ಸಲ ಬರೀ ನೀರು ಹಾಕಿದ ಒಂದು ಟ್ಯೂಬನ್ನೂ ಇಡುತ್ತಾರೆ. ನೀರಿನಲ್ಲೂ ಗೆರೆ ಬಂದರೆ ಅವತ್ತಿನ ಪರೀಕ್ಷೆ ರದ್ದು.

ನಮ್ಮ ಕೈಯಲ್ಲಿ ಇರೋದು

ಮನೆಯಲ್ಲಿ ಪಿಸಿಆರ್ ಮಾಡಲಾಗದು, ಸರಿ. ಆದರೆ ಮಾದರಿ ಸರಿಯಾಗಿ ಹೋಗೋದು ನಮ್ಮ ಮೇಲೆ ನಿಂತಿದೆ. ಜ್ವರ, ಜೊಲ್ಲು, ಗಂಟಲು ಬಾವು ಕಂಡ ಕೂಡಲೇ ಊರಿನ ಪಶು ಆಸ್ಪತ್ರೆಗೆ, ಇಲ್ಲವೆ 1962 ಸಹಾಯವಾಣಿಗೆ ಫೋನ್ ಮಾಡಿ. ಚುಚ್ಚುಮದ್ದು ಕೊಡುವ ಮೊದಲೇ ರಕ್ತ ಮತ್ತು ಮೂಗಿನ ಮಾದರಿ ತೆಗೆಯಿರಿ ಅಂತ ಡಾಕ್ಟರಿಗೆ ಕೇಳಿ. ಎರಡು ನಿಮಿಷದ ಕೆಲಸ, ಚಿಕಿತ್ಸೆ ತಡವಾಗೋದಿಲ್ಲ. ನೀವೇ ಏನಾದರೂ ಮೊದಲು ಕೊಟ್ಟಿದ್ದರೆ ಮುಚ್ಚಿಡಬೇಡಿ, ಬಾಟಲಿ ತೋರಿಸಿ. ಸತ್ತಿದ್ದರೆ ಹೂಳುವ ಮೊದಲು ಹೇಳಿ. ನೀವೇ ಕೊಯ್ಯಬೇಡಿ, ಕಾರಣ ಮೇಲೆ ಹೇಳಿದ್ದೇನೆ. ಮಾದರಿ ಐಸ್ ತುಂಡಿನ ಜೊತೆ ಥರ್ಮೊಕೋಲ್ ಡಬ್ಬಿಯಲ್ಲಿ ಹೋಗಬೇಕು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಅರ್ಧ ದಿನ ಇಟ್ಟರೆ ಬೆಂಗಳೂರಿನ ಯಾವ ಯಂತ್ರವೂ ಏನೂ ಮಾಡಲಾರದು.

ಅಲ್ಲಿಂದ ಮುಂದಿನ ದಾರಿ ಇಲಾಖೆಯದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸೀರಂ ಸಂಸ್ಥೆಯಾಗಿ ಶುರುವಾದದ್ದು. ಗಳಲೆ ಲಸಿಕೆಯನ್ನೂ ಅಲ್ಲಿ ತಯಾರಿಸುತ್ತಾರೆ. ದಕ್ಷಿಣ ರಾಜ್ಯಗಳ ರೋಗ ಪತ್ತೆ ಪ್ರಯೋಗಾಲಯವೂ ಅಲ್ಲೇ ಇದೆ, ಜಿಲ್ಲೆಗಳಲ್ಲಿ ಅದರ ಶಾಖಾ ಪ್ರಯೋಗಾಲಯಗಳಿವೆ. ಯಲಹಂಕದ ಹತ್ತಿರ ನಿವೇದಿ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಹಿಂದಿನ ವರ್ಷಗಳ ರೋಗದ ಲೆಕ್ಕ ಮತ್ತು ಹವಾಮಾನ ನೋಡಿ, ಯಾವ ಜಿಲ್ಲೆಯಲ್ಲಿ ಗಳಲೆ ಬರಬಹುದು ಅಂತ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ.

ಆ ಲೆಕ್ಕ ಎಲ್ಲಿಂದ ಬರುತ್ತದೆ ಅಂತ ಯೋಚಿಸಿ. ದಾಖಲಾದ ಸಾವುಗಳಿಂದ. ನಮ್ಮ ಕಬ್ಬಿನ ಹೊಲದ ಬದುವಿನಲ್ಲಿ ಹೂತ ಎಮ್ಮೆ ಯಾವ ಲೆಕ್ಕಕ್ಕೂ ಸೇರಿಲ್ಲ. ಆ ವರ್ಷದ ಪುಸ್ತಕದಲ್ಲಿ ನಮ್ಮೂರಿನಲ್ಲಿ ಏನೂ ಆಗಿಲ್ಲ.

ದುಡ್ಡಿನ ಲೆಕ್ಕವೂ ಇದೆ. ಜಾನುವಾರು ಆಕಸ್ಮಿಕವಾಗಿ ಸತ್ತರೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರ ಇದೆ. 2025-26ರ ಬಜೆಟ್ಟಿನಲ್ಲಿ ದನ ಎಮ್ಮೆಗೆ 10,000ದಿಂದ 15,000 ರೂಪಾಯಿಗೆ, ಕುರಿ ಆಡಿಗೆ 5,000ದಿಂದ 7,500ಕ್ಕೆ ಏರಿಸಿದ್ದಾರೆ. ಡಾಕ್ಟರ್ ಬಂದು ನೋಡದೆ ಹೂತುಬಿಟ್ಟರೆ ಕೇಳೋದಕ್ಕೆ ನಿಮ್ಮ ಹತ್ತಿರ ಏನೂ ಉಳಿಯೋದಿಲ್ಲ.

ನೀವು ಕಿರಾಣಿ ಅಂಗಡಿಯವರೋ, ಹಾಲಿನ ಡೇರಿಯವರೋ ಆಗಿದ್ದರೆ ನಿಮಗೆ ಇದರಲ್ಲಿ ಏನು ಅಂತ ಕೇಳಬಹುದು. ರೋಗಾಣು ತಿಳಿಯದೆ ಮೂರು ಥರದ ಆಂಟಿಬಯೋಟಿಕ್ ಚುಚ್ಚಿದ ಎಮ್ಮೆಯ ಹಾಲು ಮರುದಿನ ನಿಮ್ಮ ಕ್ಯಾನಿಗೇ ಬೀಳುತ್ತದೆ. ಔಷಧದ ಬಾಟಲಿ ಮೇಲೆ ಎಷ್ಟು ದಿನ ಹಾಲು ಮಾರಬಾರದು ಅಂತ ಬರೆದಿರುತ್ತದೆ, ಓದುವವರು ಕಡಿಮೆ.

ಗಳಲೆ ಲಸಿಕೆ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳೊಳಗೆ ಹಾಕಿಸಿದರೆ ಒಳ್ಳೆಯದು. ಹಾಕಿಸಿದ ದಿನವೇ ರಕ್ಷಣೆ ಸಿಗೋದಿಲ್ಲ, ಎರಡು ಮೂರು ವಾರ ಬೇಕು. ನಿಮ್ಮ ಓಣಿಗೆ ಲಸಿಕೆ ತಂಡ ಬಂದಾಗ ಎಮ್ಮೆ ಹೊಲದಲ್ಲಿದ್ದರೆ ಮರುದಿನ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ. ಆರು ತಿಂಗಳು ತುಂಬಿದ ಕರುವನ್ನು ಬಿಡಬೇಡಿ, ಮೊದಲು ಸಾಯೋದು ಅದೇ.